ಹಳೆಯ ಗಡಿಯಾರಕ್ಕೆ ಬಣ್ಣ ಹೊಡೆಯುವ ಮುಂಚೆ

ಲೋಲಕ ತೂಗುವ ಮರದ ಗೋಡೆ ಗಡಿಯಾರ ಈಗ ಎಲ್ಲ ಮನೆಗಳಲ್ಲೂ ಸಿಗುವುದಿಲ್ಲ. ಇದ್ದ ಕಡೆ ಅದು ಸಾಮಾನ್ಯವಾಗಿ ಮುತ್ತಜ್ಜನ ಕಾಲದ್ದಾಗಿರುತ್ತದೆ. ಎಂಟು ಮೂಲೆಯ ಚೌಕಟ್ಟು, ಅದರ ಕೆಳಗೆ ಗಾಜಿನ ಪುಟ್ಟ ಬಾಗಿಲು, ಬಾಗಿಲ ಹಿಂದೆ ಹಿತ್ತಾಳೆಯ ಬಿಲ್ಲೆ. ಒಮ್ಮೆ ಕೀಲಿ ಕೊಟ್ಟರೆ ಎಂಟು ದಿನ ನಡೆಯುತ್ತದೆ. ಒಳಗಿನ ಯಂತ್ರ ಇನ್ನೂ ಗಟ್ಟಿಮುಟ್ಟಾಗಿದ್ದರೂ ಪೆಟ್ಟಿಗೆ ಕಳೆಗುಂದಿರುತ್ತದೆ: ಕೆಲವು ಕಡೆ ಕಪ್ಪಾಗಿ, ಕೆಲವು ಕಡೆ ಚಕ್ಕೆ ಎದ್ದು, ಅಂಚುಗಳಲ್ಲಿ ಬರೀ ಮರ ಇಣುಕುತ್ತಿರುತ್ತದೆ. ಬೇಸಿಗೆ ರಜೆಯಲ್ಲಿ ಮನೆಯಲ್ಲೇ ಇದಕ್ಕೆ ಹೊಸ ಬಣ್ಣ ಹೊಡೆಯೋಣವೇ ಎಂದು ನಿಮ್ಮಲ್ಲಿ ಯಾರಾದರೂ ಕೇಳಿದರೆ ನನಗೆ ಸಂತೋಷವೇ.

ಹೊಡೆಯಬಹುದು. ಆದರೆ ಅಂಗಡಿಗೆ ಹೋಗುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಹುಡುಕಬೇಕು. ಆ ಮರದ ಮೇಲೆ ಈಗಾಗಲೇ ಏನಿದೆ? ಅದು ಅಲ್ಲಿ ಒಣಗಿ ಗಟ್ಟಿಯಾಗಿದ್ದು ಹೇಗೆ? ಬಣ್ಣ ಅಂದ ಕೂಡಲೇ ನಮಗೆ ಕೆಂಪು, ನೀಲಿ, ಕಂದು ನೆನಪಾಗುತ್ತವೆ. ಮರಕ್ಕೆ ಮಾತ್ರ ಅದು ಕೆಂಪೋ ನೀಲಿಯೋ ಮುಖ್ಯವಲ್ಲ. ಆ ಪದರ ಯಾವುದರಿಂದ ಆಗಿದೆ, ಯಾವ ರೀತಿ ಒಣಗಿದೆ ಎನ್ನುವುದರ ಮೇಲೆ ಮುಂದಿನ ಎಲ್ಲವೂ ನಿಂತಿದೆ.

ಮೊದಲು ಗಡಿಯಾರ ಎಲ್ಲಿಂದ ಬಂತು ಎಂದು ಸ್ವಲ್ಪ ನೋಡೋಣ. ನೂರು ವರ್ಷ ದಾಟಿದ ಇಂಥ ಅನೇಕ ಗಡಿಯಾರಗಳು ಅಮೆರಿಕದ ಕನೆಕ್ಟಿಕಟ್ ರಾಜ್ಯದಿಂದಲೋ ಜರ್ಮನಿಯಿಂದಲೋ ಹಡಗು ಹತ್ತಿ ಬಂದವು. ಕನೆಕ್ಟಿಕಟ್‌ನಲ್ಲಿ ಎಲೈ ಟೆರ್ರಿ ಎಂಬ ಗಡಿಯಾರದ ಕಸುಬುದಾರ ನಾಲ್ಕು ಸಾವಿರ ಗಡಿಯಾರ ಯಂತ್ರ ಮಾಡಿಕೊಡುವುದಾಗಿ 1807ರ ಸುಮಾರಿಗೆ ಮಾತು ಕೊಟ್ಟ. ನೀರಿನ ರಭಸದಿಂದ ತಿರುಗುವ ಯಂತ್ರಗಳಲ್ಲಿ ಹಲ್ಲುಚಕ್ರಗಳನ್ನು ಕತ್ತರಿಸಿ, ಮೂರು ವರ್ಷದಲ್ಲಿ ಆ ಮಾತನ್ನು ಉಳಿಸಿಕೊಂಡ. ಆ ಚಕ್ರಗಳೂ ಮರದವೇ! ಹಿತ್ತಾಳೆಯ ಚಕ್ರಗಳು ಅಗ್ಗವಾಗಿ ಸಿಗತೊಡಗಿದ್ದು ಆಮೇಲೆ. ಅಲ್ಲಿಂದ ಮುಂದೆ ಮರ ಉಳಿದುಕೊಂಡಿದ್ದು ಪೆಟ್ಟಿಗೆಯಲ್ಲಿ.

ಈಗ ಪತ್ತೆದಾರಿ ಕೆಲಸ. ಜೊತೆಗೆ ದೊಡ್ಡವರೊಬ್ಬರು ಇರಲೇಬೇಕು. ಗಡಿಯಾರದ ಗಾಜಿನ ಬಾಗಿಲು ತೆರೆದು ಕೀಲು ಕೂರುವ ಜಾಗವನ್ನು ನೋಡಿ, ಬಾಗಿಲು ಮುಚ್ಚಿದಾಗ ಮರೆಯಾಗುವ ಅಂಚನ್ನು ನೋಡಿ. ಅಲ್ಲಿನ ಬಣ್ಣಕ್ಕೂ ಹೊರಗಿನ ಬಣ್ಣಕ್ಕೂ ವ್ಯತ್ಯಾಸ ಎದ್ದು ಕಾಣುತ್ತದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಮರದ ಲಿಗ್ನಿನ್ ಎಂಬ ವಸ್ತುವನ್ನು ಮೆಲ್ಲಗೆ ಒಡೆಯುತ್ತವೆ, ವಾರ್ನಿಶನ್ನು ಹಳದಿ ಮಾಡುತ್ತವೆ, ಅಡುಗೆಮನೆಯ ಹೊಗೆ ಅದರ ಮೇಲೆ ಕೂರುತ್ತದೆ. ಮರೆಯಲ್ಲಿದ್ದ ಆ ಬೆರಳಗಲದ ಪಟ್ಟಿ ಮಾತ್ರ ಕಾರ್ಖಾನೆಯಿಂದ ಹೊರಟಾಗ ಹೇಗಿತ್ತೋ ಹೆಚ್ಚುಕಡಿಮೆ ಹಾಗೆಯೇ ಇದೆ. ಪೆಟ್ಟಿಗೆಯ ಮೊದಲ ಬಣ್ಣ ತಿಳಿಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಆಮೇಲೆ ಹಿಂಬದಿಯನ್ನೂ ತಳವನ್ನೂ ನೋಡಿ. ಸೆತ್ ಥಾಮಸ್ ಎಂಬ ಕಂಪನಿಯ ಕೆಲವು ಗಡಿಯಾರಗಳ ತಳದಲ್ಲಿ 'ಅಡಮಂಟೈನ್' ಎಂಬ ಪದವೂ 1880ರ ಪೇಟೆಂಟಿನ ದಿನಾಂಕವೂ ಇರುವ ಪುಟ್ಟ ಚೀಟಿ ಅಂಟಿರುತ್ತದೆ. ಅಂಥ ಪೆಟ್ಟಿಗೆ ಅಮೃತಶಿಲೆಯಂತೆ ಕಂಡರೂ ಕಲ್ಲೂ ಅಲ್ಲ, ಬಣ್ಣವೂ ಅಲ್ಲ. ಮರದ ಮೇಲೆ ಅಂಟಿಸಿದ ತೆಳು ಸೆಲ್ಯುಲಾಯ್ಡ್ ಹಾಳೆ ಅದು. ಹತ್ತಿಯ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದಲ್ಲಿ ಮಾರ್ಪಡಿಸಿ ಕರ್ಪೂರ ಬೆರೆಸಿ ಮಾಡಿದ ಹಳೆಯ ಪ್ಲಾಸ್ಟಿಕ್. ಹಳೆಯ ಸಿನಿಮಾ ರೀಲುಗಳೂ ಇದರದ್ದೇ. ಥಿನ್ನರ್ ತಾಗಿದರೆ ಕರಗುತ್ತದೆ, ಬೆಂಕಿ ತಾಗಿದರೆ ಭಗ್ಗನೆ ಉರಿಯುತ್ತದೆ. ಚೀಟಿ ಕಂಡರೆ ಬಣ್ಣದ ಯೋಚನೆ ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ ಸುಮ್ಮನಿರುವುದೇ ಒಳ್ಳೆಯದು.

ಚೀಟಿ ಇಲ್ಲದಿದ್ದರೆ ಪರೀಕ್ಷೆಗೆ ಇಳಿಯೋಣ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಬಡಗಿಗಳು ಬಳಸುವ ಸ್ಪಿರಿಟ್‌ನಲ್ಲಿ ಅದ್ದಿ, ಯಾರಿಗೂ ಕಾಣದ ಹಿಂಬದಿಯ ಮೂಲೆಯಲ್ಲಿ ಅರ್ಧ ನಿಮಿಷ ಮೆಲ್ಲಗೆ ಉಜ್ಜಬೇಕು. ಆ ಸ್ಪಿರಿಟ್ ವಿಷ, ಬೆಂಕಿಗೂ ಹತ್ತಿರ. ಹಾಗಾಗಿ ಕಡ್ಡಿ ದೊಡ್ಡವರ ಕೈಯಲ್ಲಿರಲಿ, ಕಣ್ಣು ನಿಮ್ಮದಿರಲಿ. ಪದರ ಮೆತ್ತಗಾಗಿ ಅಂಟಂಟಾಯಿತೇ? ಹತ್ತಿ ಜೇನಿನ ಬಣ್ಣಕ್ಕೆ ತಿರುಗಿತೇ? ಹಾಗಾದರೆ ಅದು ಅರಗಿನ ಪಾಲಿಶ್. ಏನೂ ಆಗದಿದ್ದರೆ ಅದು ಎಣ್ಣೆ ವಾರ್ನಿಶ್ ಅಥವಾ ಎಣ್ಣೆ ಬಣ್ಣ ಇರಬಹುದು.

ಅರಗು ಎಂದರೆ ನಿಮಗೆ ಪಾಂಡವರ ಅರಗಿನ ಮನೆ ನೆನಪಾಗಬಹುದು. ದುರ್ಯೋಧನ ಅದನ್ನೇ ಯಾಕೆ ಆರಿಸಿಕೊಂಡ ಎಂದು ಈ ವಸ್ತುವನ್ನು ಒಮ್ಮೆ ನೋಡಿದವರಿಗೆ ಗೊತ್ತು. ಬೇಗ ಕರಗುತ್ತದೆ, ಬೇಗ ಉರಿಯುತ್ತದೆ. ಇದನ್ನು ಮಾಡುವುದು ಒಂದು ಪುಟಾಣಿ ಕೀಟ. ಮುತ್ತುಗ, ಎಲಚಿ ಮುಂತಾದ ಮರಗಳ ಎಳೆ ಕೊಂಬೆಯ ಮೇಲೆ ಇದರ ಮರಿಗಳು ಒತ್ತೊತ್ತಾಗಿ ಕೂತು, ಸೂಜಿಯಂಥ ಬಾಯನ್ನು ತೊಗಟೆಗೆ ಚುಚ್ಚಿ ರಸ ಹೀರುತ್ತವೆ. ಮೈಯಿಂದ ಒಸರುವ ಅಂಟಿನಿಂದ ತಮ್ಮನ್ನು ತಾವೇ ಮುಚ್ಚಿಕೊಳ್ಳುತ್ತವೆ. ಅಕ್ಕಪಕ್ಕದವುಗಳ ಅಂಟು ಸೇರಿ ಕೊಂಬೆಯ ಸುತ್ತ ದಪ್ಪ ಹೊದಿಕೆಯೇ ಆಗಿಬಿಡುತ್ತದೆ. ಹೆಣ್ಣು ಕೀಟ ಒಮ್ಮೆ ಕೂತ ಜಾಗ ಬಿಟ್ಟು ಕದಲುವುದೇ ಇಲ್ಲ. ಅಲ್ಲೇ ಬೆಳೆದು, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ.

ಜನ ಆ ಕೊಂಬೆಗಳನ್ನು ಕೆತ್ತಿ, ಹೊದಿಕೆಯನ್ನು ಪುಡಿ ಮಾಡಿ ತೊಳೆದು, ಬೆಂಕಿಯ ಮುಂದೆ ಕರಗಿಸಿ, ಬಿಸಿ ಇರುವಾಗಲೇ ತೆಳು ಹಾಳೆಯಾಗಿ ಎಳೆಯುತ್ತಾರೆ. ಆರಿದ ಮೇಲೆ ಮುರಿದರೆ ಸಿಗುವ ಹೊಂಬಣ್ಣದ ಚಕ್ಕೆಗಳೇ ಬಡಗಿಗಳ ಬಾಯಲ್ಲಿ ಚಪಡಾ. ಜಗತ್ತಿನಲ್ಲಿ ಅರಗು ಹೆಚ್ಚು ಬೆಳೆಯುವ ದೇಶ ನಮ್ಮದು, ಅದರಲ್ಲೂ ಝಾರ್ಖಂಡ್ ಸುತ್ತಮುತ್ತ. ಇದಕ್ಕೆಂದೇ 1924ರಲ್ಲಿ ರಾಂಚಿಯಲ್ಲಿ ಒಂದು ಸಂಶೋಧನಾ ಸಂಸ್ಥೆ ಶುರುವಾಯಿತು. ಗ್ರಾಮಫೋನಿನ ಹಳೆಯ ತಟ್ಟೆಗಳಲ್ಲಿ ಅರಗಿತ್ತು. ಕೆಲವು ಮಾತ್ರೆಗಳ, ಮಿಠಾಯಿಗಳ ಹೊಳಪಿನಲ್ಲಿ ಇವತ್ತಿಗೂ ಇದೆ. ಚನ್ನಪಟ್ಟಣದ ಗೊಂಬೆಗಳ ಮಿರುಗೂ ಇದರದೇ. ಅಲ್ಲಿನ ಕುಶಲಕರ್ಮಿಗಳು ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಗರಗರ ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಶಾಖಕ್ಕೆ ಅರಗು ಕರಗಿ ಮರದ ಮೈಗೆ ಹತ್ತಿಕೊಳ್ಳುತ್ತದೆ. ಅಮೆರಿಕದ ಗಡಿಯಾರದ ಪೆಟ್ಟಿಗೆಗೂ ಚನ್ನಪಟ್ಟಣದ ಬುಗುರಿಗೂ ಒಂದೇ ಜಾತಿಯ ಕೀಟ ಹೊಳಪು ಕೊಟ್ಟಿರಬಹುದು ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಇನ್ನು ಒಣಗುವ ವಿಷಯ. ಒಣಗುವುದೆಂದರೆ ನೀರು ಆರುವುದು ಎಂದೇ ನಾವು ಅಂದುಕೊಂಡಿರುತ್ತೇವೆ. ಬಣ್ಣಗಳ ಲೋಕದಲ್ಲಿ ಇದು ಮೂರು ಬೇರೆ ಬೇರೆ ಕೆಲಸ.

ಅರಗಿನ ಪಾಲಿಶ್‌ನದು ಸುಲಭ. ಚಪಡಾವನ್ನು ಸ್ಪಿರಿಟ್‌ನಲ್ಲಿ ನೆನೆಸಿದರೆ ಕರಗುತ್ತದೆ. ಮರಕ್ಕೆ ಸವರಿದ ಮೇಲೆ ಸ್ಪಿರಿಟ್ ಆವಿಯಾಗಿ ಹಾರಿಹೋಗುತ್ತದೆ, ಅರಗು ಉಳಿಯುತ್ತದೆ. ಅದರ ಅಣುಗಳು ಮೊದಲಿದ್ದ ಹಾಗೆಯೇ ಇರುತ್ತವೆ. ಆದ್ದರಿಂದಲೇ ಮತ್ತೆ ಸ್ಪಿರಿಟ್ ತಾಗಿಸಿದರೆ ಮತ್ತೆ ಕರಗುತ್ತದೆ. ಹತ್ತಿಕಡ್ಡಿ ಅಂಟಂಟಾಗಿದ್ದು ಇದಕ್ಕೇ. ಇದರಿಂದ ಒಂದು ದೊಡ್ಡ ಅನುಕೂಲವೂ ಇದೆ. ಹೊಸ ಪಾಲಿಶ್ ಹಚ್ಚಿದಾಗ ಅದರ ಸ್ಪಿರಿಟ್ ಹಳೆಯ ಅರಗಿನ ಮೇಲ್ಮೈಯನ್ನು ಸ್ವಲ್ಪ ಕರಗಿಸುತ್ತದೆ, ಎರಡೂ ಬೆರೆತು ಒಂದೇ ಪದರವಾಗುತ್ತವೆ. ನೂರು ವರ್ಷದ ಹಿಂದಿನದಕ್ಕೂ ಇವತ್ತಿನದಕ್ಕೂ ನಡುವೆ ಗೆರೆಯೇ ಉಳಿಯುವುದಿಲ್ಲ.

ಎಣ್ಣೆ ಬಣ್ಣದ್ದು ಬೇರೆಯೇ ಕಥೆ. ಅದನ್ನು ನಂಬುವುದಕ್ಕೆ ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಎರಡು ಗಾಜಿನ ತಟ್ಟೆ ತೆಗೆದುಕೊಳ್ಳಿ. ಒಂದಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ, ಇನ್ನೊಂದಕ್ಕೆ ಒಂದು ಹನಿ ಅಗಸೆ ಎಣ್ಣೆ ಹಾಕಿ ಬೆರಳಿನಿಂದ ತೆಳ್ಳಗೆ ಸವರಿ, ಬೆಳಕಿರುವ ಕಿಟಕಿಯ ಹತ್ತಿರ ಇಡಿ. ಉತ್ತರ ಕರ್ನಾಟಕದ ಊಟದಲ್ಲಿ ಚಟ್ನಿಪುಡಿಯಾಗುತ್ತದಲ್ಲ, ಅದೇ ಅಗಸೆ. ದಿನಾ ಬೆರಳ ತುದಿಯಿಂದ ಮುಟ್ಟಿ ನೋಡಿ. ಕೊಬ್ಬರಿ ಎಣ್ಣೆ ಎಷ್ಟು ದಿನವಾದರೂ ಎಣ್ಣೆಯಾಗಿಯೇ ಇರುತ್ತದೆ. ಅಗಸೆ ಎಣ್ಣೆ ಮೊದಲು ಜಿಗುಟಾಗಿ, ಆಮೇಲೆ ಉಗುರಿಗೆ ಸಿಗುವಂಥ ಹಳದಿ ಪೊರೆಯಾಗುತ್ತದೆ. ಅವಸರ ಬೇಡ, ವಾರಗಳೇ ಹಿಡಿಯಬಹುದು.

ಇಲ್ಲಿ ಏನೂ ಹಾರಿಹೋಗಲಿಲ್ಲ. ಅಗಸೆ ಎಣ್ಣೆಯ ಅಣುಗಳಲ್ಲಿ ಗಾಳಿಯ ಆಮ್ಲಜನಕ ಬಂದು ಹಿಡಿದುಕೊಳ್ಳುವ ಜಾಗಗಳು ಬಹಳ ಇವೆ, ಕೊಬ್ಬರಿ ಎಣ್ಣೆಯಲ್ಲಿ ತೀರಾ ಕಡಿಮೆ. ಆಮ್ಲಜನಕ ಸೇರುತ್ತಾ ಒಂದು ಅಣು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಹೆಣೆದುಕೊಂಡು ಇಡೀ ಪದರ ಒಂದೇ ಬಲೆಯಾಗುತ್ತದೆ. ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗಿದರೆ ಒಣಗಿದ ಅಗಸೆ ಎಣ್ಣೆ ಹಸಿ ಎಣ್ಣೆಗಿಂತ ಭಾರ! ಒಮ್ಮೆ ಹೀಗೆ ಹೆಣೆದುಕೊಂಡದ್ದು ಸ್ಪಿರಿಟ್‌ಗೂ ಬಗ್ಗುವುದಿಲ್ಲ, ಮೊದಲಿನ ಎಣ್ಣೆಗೆ ಮರಳುವುದೂ ಇಲ್ಲ.

ಈ ಹೆಣಿಗೆ ನಡೆಯುವಾಗ ಶಾಖ ಹುಟ್ಟುತ್ತದೆ. ತೆಳು ಪದರದಲ್ಲಿ ಅದು ಗಾಳಿಗೆ ಹೋಗಿಬಿಡುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಶಾಖ ಒಳಗೇ ಕೂಡಿಕೊಂಡು, ಕಡ್ಡಿ ಗೀರದೆಯೇ ಬೆಂಕಿ ಹೊತ್ತಿಕೊಳ್ಳಬಹುದು. 1991ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ 38 ಅಂತಸ್ತಿನ ಕಟ್ಟಡವೊಂದರಲ್ಲಿ ಹೀಗೆ ಬಿಟ್ಟುಹೋದ ಬಟ್ಟೆಗಳಿಂದಲೇ ಬೆಂಕಿ ಎದ್ದು ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಎಣ್ಣೆ ಬಟ್ಟೆಯನ್ನು ಹೊರಗೆ ಹಗ್ಗದ ಮೇಲೆ ಹರವಿ ಒಣಗಿಸಬೇಕು, ಇಲ್ಲವೇ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಬೇಕು. ಪ್ರಯೋಗದ ತಟ್ಟೆಯನ್ನು ಒರೆಸಿದ ಚಿಂದಿಯನ್ನೂ ಹಾಗೆಯೇ ಮಾಡಿ.

ಮೂರನೆಯದು ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ. ಅದರಲ್ಲಿ ಪ್ಲಾಸ್ಟಿಕ್ಕಿನ ಅತಿ ಚಿಕ್ಕ ಗುಂಡುಗಳು ನೀರಿನಲ್ಲಿ ತೇಲುತ್ತಿರುತ್ತವೆ. ಒಂದೊಂದೂ ಸುಮಾರಾಗಿ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ನೀರು ಆರಿದಂತೆ ಗುಂಡುಗಳು ಹತ್ತಿರ ಹತ್ತಿರ ಬಂದು, ಬೂಂದಿ ಕಾಳುಗಳನ್ನು ಒತ್ತಿ ಲಾಡು ಕಟ್ಟಿದ ಹಾಗೆ ಒಂದಕ್ಕೊಂದು ಅಂಟಿ, ಕೊನೆಗೆ ಗುಂಡುಗಳ ಗುರುತೇ ಇಲ್ಲದಂತೆ ಬೆಸೆದುಹೋಗುತ್ತವೆ. ನೀರಿನಿಂದ ಹುಟ್ಟಿದ ಈ ಪದರ ಆಮೇಲೆ ನೀರಿನಲ್ಲಿ ಕರಗದಿರುವುದಕ್ಕೆ ಇದೇ ಕಾರಣ. ಮನೆಯಲ್ಲಿ ಮಕ್ಕಳು ಕೈಹಾಕಬಹುದಾದ ಬಣ್ಣ ಇದೊಂದೇ ಎಂದು ನನ್ನ ಅಭಿಪ್ರಾಯ. ವಾಸನೆ ಕಡಿಮೆ, ಬ್ರಷ್ಷನ್ನು ನಲ್ಲಿಯ ಕೆಳಗೆ ತೊಳೆಯಬಹುದು.

ಯಾವ ಪದರವೇ ಇರಲಿ, ಅದು ಕೂತಿರುವ ನೆಲ ಅಲುಗಾಡುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಮನೆಯ ಬಾಗಿಲು ಬಿಗಿಯಾಗುತ್ತದಲ್ಲ? ಮರದೊಳಗೆ ಉದ್ದುದ್ದದ ಕೊಳವೆಗಳಿವೆ. ಗಾಳಿಯ ತೇವ ಆ ಕೊಳವೆಗಳ ಗೋಡೆಗೆ ಸೇರಿದಾಗ ಗೋಡೆ ದಪ್ಪವಾಗುತ್ತದೆ, ಉದ್ದ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದ್ದರಿಂದ ಹಲಗೆ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಮೂವತ್ತು ಸೆಂಟಿಮೀಟರ್ ಅಗಲದ ಹಲಗೆ ಕಡು ಬೇಸಿಗೆಗೂ ಜಡಿಮಳೆಗೂ ನಡುವೆ ಒಂದೆರಡು ಮಿಲಿಮೀಟರ್ ಬದಲಾಗಬಹುದು. ನೂರು ವರ್ಷದಲ್ಲಿ ಗಡಿಯಾರದ ಪೆಟ್ಟಿಗೆ ನೂರು ಸಲ ಹಿಗ್ಗಿ ನೂರು ಸಲ ಕುಗ್ಗಿದೆ. ಮೇಲಿನ ಪದರ ವಯಸ್ಸಾಗಿ ಗಡುಸಾದಂತೆ ಜೊತೆಗೆ ಹಿಗ್ಗಲಾರದೆ ಬಿರುಕು ಬಿಡುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಬಿರುಕುಗಳು ಮರದ ಎಳೆಯ ದಿಕ್ಕಿಗೆ ಹೆಚ್ಚು, ಅಡ್ಡಡ್ಡಕ್ಕೆ ಕಡಿಮೆ ಇರುವುದು ಅನೇಕ ಪೆಟ್ಟಿಗೆಗಳಲ್ಲಿ ಕಾಣುತ್ತದೆ. ಯಾಕೆಂದು ಈಗ ನೀವೇ ಹೇಳಬಲ್ಲಿರಿ.

ಈಗ ಗಂಭೀರವಾದ ಮಾತು. ಹಿಂದೆ ಯಾರಾದರೂ ಪೆಟ್ಟಿಗೆಗೆ ಎಣ್ಣೆ ಬಣ್ಣ ಬಳಿದಿದ್ದರೆ ಅದರಲ್ಲಿ ಸೀಸ ಇರುವ ಸಾಧ್ಯತೆ ಇದೆ. ಬಿಳಿ ಬಣ್ಣಕ್ಕೆ, ಹಳದಿಗೆ, ಬೇಗ ಒಣಗಲೆಂದು ಕೂಡ ಹಳಬರು ಸೀಸದ ಸಂಯುಕ್ತಗಳನ್ನು ಬೆರೆಸುತ್ತಿದ್ದರು. ಸೀಸ ಮೈಯೊಳಗೆ ಹೋದರೆ ಬೆಳೆಯುವ ಮಿದುಳಿಗೆ ಪೆಟ್ಟು. ದೊಡ್ಡವರಿಗಿಂತ ಮಕ್ಕಳಿಗೇ ಹೆಚ್ಚು ಅಪಾಯ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಜೀವರಸಾಯನ ವಿಜ್ಞಾನಿ ತುಪ್ಪಿಲ್ ವೆಂಕಟೇಶ್ ನಮ್ಮ ದೇಶದಲ್ಲಿ ಸೀಸದ ವಿಷದ ಬಗ್ಗೆ ವರ್ಷಗಟ್ಟಲೆ ದುಡಿದು ಎಚ್ಚರಿಸಿದವರು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ದಶಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ಸರ್ಕಾರದ ನಿಯಮ ಬಂದದ್ದು 2016ರಲ್ಲಿ. ನಿಮ್ಮ ಗಡಿಯಾರದ ಬಣ್ಣ ಅದಕ್ಕಿಂತ ಎಷ್ಟೋ ಹಳೆಯದು.

ಗೋಡೆ ಮೇಲೆ ಗಟ್ಟಿಯಾಗಿ ಕೂತ ಸೀಸದ ಬಣ್ಣ ಅಷ್ಟು ತೊಂದರೆ ಕೊಡುವುದಿಲ್ಲ. ಅದನ್ನು ಒಣ ಉಪ್ಪುಕಾಗದದಿಂದ ಉಜ್ಜಿದಾಗ ಏಳುವ ಪುಡಿ ಕೊಡುತ್ತದೆ. ಆ ಪುಡಿ ಮೂಗಿಗೆ, ಕೈಗೆ, ಕೈಯಿಂದ ಬಾಯಿಗೆ. ಆದ್ದರಿಂದ ಹಳೆಯ ಬಣ್ಣ ಉಜ್ಜುವ, ಕೆರೆಯುವ ಕೆಲಸ ಮಕ್ಕಳದ್ದಲ್ಲ, ಆ ಹೊತ್ತಿನಲ್ಲಿ ಆ ಕೋಣೆಯಲ್ಲಿ ಮಕ್ಕಳು ಇರಲೂಬಾರದು. ದೊಡ್ಡವರು ಮುಖಕ್ಕೆ ಒಳ್ಳೆಯ ಮಾಸ್ಕ್ ಹಾಕಿ, ಪೆಟ್ಟಿಗೆಯ ಮೈಯನ್ನು ಒದ್ದೆ ಮಾಡಿಕೊಂಡೇ ಉಜ್ಜಬೇಕು, ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಪೊರಕೆ ಹಿಡಿದು ಗುಡಿಸುವುದಂತೂ ಬೇಡವೇ ಬೇಡ. ಬಣ್ಣ ಗಟ್ಟಿಯಾಗಿದ್ದರೆ ಅದನ್ನು ಕೀಳದೆ ಅದರ ಮೇಲೆಯೇ ಹೊಸ ಪದರ ಕೂರಿಸುವುದು ಎಷ್ಟೋ ವಾಸಿ.

ಹಾಗಾದರೆ ಏನು ಮಾಡೋಣ? ಪರೀಕ್ಷೆಯಲ್ಲಿ ಅರಗು ಸಿಕ್ಕಿದ್ದರೆ ನನ್ನ ಸಲಹೆ: ಡಬ್ಬಿ ಬಣ್ಣ ಬೇಡ. ಮೆತ್ತನೆ ಬಟ್ಟೆಯಿಂದ ಜಿಡ್ಡು ತೆಗೆದು, ಹತ್ತಿಯುಂಡೆಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ತೆಳುವಾದ ಅರಗಿನ ಪಾಲಿಶ್‌ನಲ್ಲಿ ಅದ್ದಿ ಎಳೆಯ ಗುಂಟ ಸವರಿದರೆ ಸಾಕು. ಹಳೆಯದು ಹೊಸದರಲ್ಲಿ ಬೆರೆತು ಕಳೆ ಬರುವುದನ್ನು ನಿಂತು ನೋಡಬೇಕು, ಅಷ್ಟು ಚೆನ್ನಾಗಿರುತ್ತದೆ. ಜಿಟಿಜಿಟಿ ಮಳೆಯ ದಿನ ಮಾತ್ರ ಇದಕ್ಕೆ ಕೈಹಾಕಬಾರದು. ಸ್ಪಿರಿಟ್ ಆವಿಯಾಗುವಾಗ ಮರದ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ತಂಪಾದ ಆ ಮೈ ಮೇಲೆ ಗಾಳಿಯ ತೇವ ಸಣ್ಣ ಹನಿಗಳಾಗಿ ಕೂತು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಪಾಲಿಶ್ ಬೆಳ್ಳಗೆ ಮಂಜು ಹಿಡಿದಂತಾಗುತ್ತದೆ. ಮಲೆನಾಡಿನ ಬಡಗಿಗಳು ಆಷಾಢದಲ್ಲಿ ಪಾಲಿಶ್ ಕೆಲಸ ಮುಂದೆ ಹಾಕಿದರೆ ಅದಕ್ಕೆ ಇಂಥ ಕಾರಣವಿದೆ.

ಮರ ಬರಿದಾಗಿದ್ದರೆ, ಅಥವಾ ಯಾರೋ ಈಗಾಗಲೇ ಬಣ್ಣ ಬಳಿದುಬಿಟ್ಟಿದ್ದರೆ, ಧಾರಾಳವಾಗಿ ನಿಮಗೆ ಬೇಕಾದ ಬಣ್ಣ ಹೊಡೆಯಿರಿ. ಮೇಣವೋ ಜಿಡ್ಡೋ ಉಳಿದಿದ್ದರೆ ನೀರಿನ ಬಣ್ಣ ಹರಡದೆ ಹನಿಹನಿಯಾಗಿ ಸೇರಿಕೊಳ್ಳುತ್ತದೆ. ಹಾಗಾಗಿ ಮೊದಲು ಚೆನ್ನಾಗಿ ಒರೆಸಿ, ಒಂದು ಕೋಟ್ ಪ್ರೈಮರ್, ಅದರ ಮೇಲೆ ಎರಡು ತೆಳು ಕೋಟ್. ದಪ್ಪವಾಗಿ ಒಂದೇ ಸಲ ಬಳಿದರೆ ಮೇಲೆ ತೊಗಲು ಕಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ಎರಡು ಜಾಗ ಮುಟ್ಟಬೇಡಿ. ಒಂದು ಅಂಕಿಗಳಿರುವ ಮುಖ. ಇನ್ನೊಂದು, ಹೂವೋ ಹಕ್ಕಿಯೋ ಬರೆದಿರುವ ಗಾಜು. ಆ ಚಿತ್ರ ಗಾಜಿನ ಹಿಂಬದಿಗೆ ಬರೆದದ್ದು. ಚಿತ್ರಗಾರ ಹಕ್ಕಿಯ ಕಣ್ಣನ್ನು ಮೊದಲು ಬರೆದು ಆಕಾಶವನ್ನು ಕೊನೆಗೆ ಬಳಿದಿರುತ್ತಾನೆ. ಹಿಂದಿನಿಂದ ಒಂದು ಸಲ ಒರೆಸಿದರೂ ಚಕ್ಕೆ ಉದುರುತ್ತದೆ. ಬಣ್ಣ ಹೊಡೆಯುವ ಮುಂಚೆ ಲೋಲಕವನ್ನು ಬಿಡಿಸಿಡಬೇಕು, ಯಂತ್ರವನ್ನು ಗಡಿಯಾರ ರಿಪೇರಿಯವರೇ ಹೊರಗೆ ತೆಗೆಯಲಿ. ಬಿಗಿದು ಸುತ್ತಿಕೊಂಡ ಸ್ಪ್ರಿಂಗ್ ಥಟ್ಟನೆ ಬಿಚ್ಚಿಕೊಂಡರೆ ಬೆರಳು ಮುರಿಯುವಷ್ಟು ಶಕ್ತಿ ಅದಕ್ಕಿದೆ. ಪೆಟ್ಟಿಗೆ ಖಾಲಿ ಇರುವಾಗಲೇ ಒಳಗಿನ ಹಲಗೆ ಮೇಲೆ ಪೆನ್ಸಿಲ್ಲಿನಲ್ಲಿ ದಿನಾಂಕ, ಬಳಿದ ಬಣ್ಣದ ಹೆಸರು, ಅದು ಯಾವ ಜಾತಿಯದು, ಎಷ್ಟು ಕೋಟ್ ಎಂದು ಬರೆದಿಡಿ. ಹಿಂದಿನ ರಿಪೇರಿಯವರು ಬರೆದ ತಾರೀಕೂ ಅಲ್ಲಿ ಸಿಕ್ಕೀತು, ಹುಡುಕಿ ನೋಡಿ.

ಎಲ್ಲ ಮುಗಿದು ಗಡಿಯಾರ ಗೋಡೆಗೆ ಮರಳಿದ ಮೇಲೆ ಸಮಯ ಸ್ವಲ್ಪ ಏರುಪೇರಾಗಬಹುದು. ಲೋಲಕದ ಬಿಲ್ಲೆಯ ಕೆಳಗೆ ಪುಟ್ಟ ತಿರುಪಿದೆ. ಇಪ್ಪತ್ತೈದು ಸೆಂಟಿಮೀಟರಿನ ಲೋಲಕದಲ್ಲಿ ಬಿಲ್ಲೆಯನ್ನು ಒಂದೇ ಒಂದು ಮಿಲಿಮೀಟರ್ ಮೇಲೆತ್ತಿದರೆ ಗಡಿಯಾರ ದಿನಕ್ಕೆ ಹತ್ತಿರ ಹತ್ತಿರ ಮೂರು ನಿಮಿಷ ಮುಂದೆ ಓಡುತ್ತದೆ. ಉಕ್ಕಿನ ಕಡ್ಡಿಯಾದರೆ ಹತ್ತು ಡಿಗ್ರಿ ಸೆಖೆ ಏರಿದಾಗ ಹಿಗ್ಗಿ, ದಿನಕ್ಕೆ ಸುಮಾರು ಐದು ಸೆಕೆಂಡ್ ಹಿಂದೆ ಬೀಳುತ್ತದೆ. ಕೆಲವು ಗಡಿಯಾರಗಳಲ್ಲಿ ಈ ಕಡ್ಡಿಯೂ ಮರದ್ದೇ, ಯಾಕೆಂದರೆ ಎಳೆಯ ಉದ್ದಕ್ಕೆ ಮರ ಶಾಖಕ್ಕೆ ಉಕ್ಕಿನಷ್ಟು ಹಿಗ್ಗುವುದಿಲ್ಲ. ನಿಮ್ಮ ಗಡಿಯಾರದ್ದು ಯಾವ ಕಡ್ಡಿ ಎಂದು ನೋಡಿಕೊಂಡು, ಏಪ್ರಿಲಿನಲ್ಲಿ ಒಂದು ವಾರ, ಡಿಸೆಂಬರಿನಲ್ಲಿ ಒಂದು ವಾರ ಮೊಬೈಲಿನ ಸಮಯದೊಂದಿಗೆ ದಿನಾ ಹೋಲಿಸಿ ಬರೆದಿಟ್ಟುಕೊಳ್ಳಿ. ಎರಡೂ ವಾರ ಕೀಲಿಯನ್ನು ಒಂದೇ ಹೊತ್ತಿಗೆ ಕೊಡಿ, ಇಲ್ಲದಿದ್ದರೆ ಸ್ಪ್ರಿಂಗ್ ಸಡಿಲವಾಗುವುದರಿಂದ ಬರುವ ವ್ಯತ್ಯಾಸವೂ ಸೆಖೆಯಿಂದ ಬರುವುದೂ ಒಂದರೊಳಗೊಂದು ಸೇರಿಕೊಂಡುಬಿಡುತ್ತವೆ.